ಸದರಿ ಕಾರಿನ ಗುಂಡಿ

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರುದಾರರನ್ನು ಕಂಡ ಕೂಡಲೇ ಇನ್‌ಸ್ಪೆಕ್ಟರಿಗೆ ತಲೆನೋವು ಶುರುವಾಯಿತು. ಮನುಷ್ಯ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪೊಲೀಸರು ಬರೆದು ಕಳಿಸಿದ ಕಾಗದಗಳಲ್ಲಿ ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸುವುದರಲ್ಲೇ ಅವರ ಸರ್ವೀಸು ಮುಗಿದಿತ್ತು. ನಿವೃತ್ತಿಯಾದರೂ ಚಟ ಬಿಟ್ಟಿರಲಿಲ್ಲ.

"ನನ್ನ ಕಾರು ಕಳುವಾಗಿದೆ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ಸ್ವಂತ ಬುದ್ಧಿ ಉಪಯೋಗಿಸ್ಬೇಡಿ," ಎಂದು ಕುರ್ಚಿ ಎಳೆದುಕೊಂಡು ಕೂತರು.

ಠಾಣೆಯ ರೈಟರ್ ಮುಖ ಗಂಟಿಕ್ಕಿಕೊಂಡು ಪೆನ್ನು ತೆಗೆದ.

ಇಪ್ಪತ್ತು ವರ್ಷ ದಾಟಿದ ಬಿಳಿ ಕಾರು. ಆರೂವರೆಗೆ ಗುಮಾಸ್ತರು ಸ್ನಾನಕ್ಕೆ ಹೋದಾಗ ಮನೆಯ ಮುಂದೆ ಇತ್ತು, ಸ್ನಾನ ಮುಗಿಸಿ ಬಂದಾಗ ಇರಲಿಲ್ಲ. ಅದಕ್ಕೆ ಇತ್ತೀಚೆಗಷ್ಟೇ ಹೊಸ ಕಾರುಗಳಲ್ಲಿರುವಂತೆ ಸ್ಟಾರ್ಟ್ ಬಟನ್ ಹಾಕಿಸಿದ್ದರು. ಕೀ ತಿರುಗಿಸುವ ಗೊಡವೆಯಿಲ್ಲ. ಒಂದು ಪುಟ್ಟ ಟ್ಯಾಗ್ ಮೈಮೇಲಿದ್ದರೆ ಸಾಕು, ಒತ್ತಿದರೆ ಗಾಡಿ ಚಾಲೂ. ಆದರೆ ಬಟನ್ ಎಂಬ ಮಾತು ಗುಮಾಸ್ತರ ಬಾಯಲ್ಲಿ ಬರಲೊಲ್ಲದು. ಕೋರ್ಟಿನ ಕನ್ನಡ ತಾನೇ? ಗುಂಡಿ ಎಂದೇ ಹೇಳಿದರು.

"ಹಳೇ ಗಾಡಿಗೆ ಅದ್ಯಾಕೆ ಬೇಕಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಕೀ ಪದೇ ಪದೇ ಕಳೀತಿತ್ತು ಕಣ್ರೀ. ನನಗೆ ಅರಳುಮರಳು ಅಂತ ಮನೇಲಿ ಎಲ್ಲಾ ಮುಸಿಮುಸಿ ನಗೋಕೆ ಶುರು ಮಾಡಿದ್ರು. ಭಾಮೈದನ ಗ್ಯಾರೇಜು ಬಾಗಿಲು ಹಾಕ್ಬಿಟ್ಟಿದೆ, ಅದಕ್ಕೆ ಆ ಫ್ಯೂಸಣ್ಣನ ಹತ್ರ ಹಾಕಿಸ್ದೆ. ಟ್ಯಾಗು ನೋಡಿ, ಇಲ್ಲೇ ಇದೆ. ಕೊರಳು ಬಿಟ್ಟಿದ್ದೇ ಇಲ್ಲ." ದಾರ ಎಳೆದು ತೋರಿಸಿದರು. "ಕಳ್ಳ ಯಾರೇ ಆಗಿರ್ಲಿ, ಬಂಧಿಸ್ಬೇಕು. ದಾಕ್ಷಿಣ್ಯ ಬೇಡ. ಮುಂದಿನ ವಾರದಿಂದ ಮೊಮ್ಮಗಳನ್ನ ಶಾಲೆಗೆ ನಾನೇ ಬಿಡೋದು ಅಂತ ಮಗನಿಗೆ ಮಾತು ಕೊಟ್ಟಿದ್ದೀನಿ."

ಎಫ್‌ಐಆರ್ ತಯಾರಾಯಿತು. ಗುಮಾಸ್ತರು ಕನ್ನಡಕ ಏರಿಸಿ ಓದಿದರು, ಮತ್ತೆ ಓದಿದರು, ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು.

"ಏನ್ರೀ ಇದು? 'ಸದರಿ ಕಾರು ಗುಂಡಿಗೆ ಬಿದ್ದು ಕಾಣೆಯಾಗಿರುತ್ತದೆ'?"

"ನೀವೇ ಗುಂಡಿಯಿಂದ ಹೋಯ್ತು ಅಂದ್ರಲ್ಲ ಸಾರ್," ಎಂದ ರೈಟರ್. "ಗುಂಡಿ ಅಂದ್ರೆ ಹೊಂಡ ಅಲ್ವಾ? ಗುಂಡಿಯಿಂದ ಹೇಗೆ ಹೋಗತ್ತೆ ಅಂತ ನಾನೇ ಸ್ವಲ್ಪ ಸರಿ ಮಾಡಿದೆ."

"ಒತ್ತೋ ಗುಂಡಿ ಕಣಯ್ಯಾ! ಬೀಳೋ ಗುಂಡಿ ಅಲ್ಲ!"

ಇನ್‌ಸ್ಪೆಕ್ಟರ್ ಹಣೆ ಹಿಡಿದುಕೊಂಡರು. ಎಫ್‌ಐಆರ್ ನೋಂದಾಯಿಸಿ ಆಗಿತ್ತು. ಅಳಿಸುವಂತಿಲ್ಲ, ಹರಿಯುವಂತಿಲ್ಲ. ತಿದ್ದುಪಡಿಗೆ ಬೇರೆ ಪತ್ರ ಬರೆಯಬೇಕು. ಕಳ್ಳ ಸಿಗುವ ಮೊದಲೇ ಕಾಗದ ಕಾಲಿಗೆ ತೊಡರಿಕೊಂಡಿತ್ತು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಒಂದಿಷ್ಟು ಎಣ್ಣೆ ಕಲೆ ಬಿಟ್ಟರೆ ಏನೂ ಇರಲಿಲ್ಲ. ಗಾಜಿನ ಚೂರಿಲ್ಲ, ಎಳೆದ ಗುರುತಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಮಕ್ಕಳ ಸೈಕಲ್ಲೊಂದು ಒರಗಿತ್ತು, ಹಿಂದಿನ ಚಕ್ರ ಸೊಟ್ಟಗಾಗಿ ಹಪ್ಪಳವಾಗಿತ್ತು.

"ಇದೇನು?"

"ಪಕ್ಕದ ಮನೆಗೆ ಸಿಲಿಂಡರ್ ತಂದ ಗಾಡಿಯವನು ಹತ್ತಿಸಿಬಿಟ್ಟ," ಎಂದರು ಗುಮಾಸ್ತರು. "ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ಪಂಚನಾಮೆಗೆ ಸೇರಿಸ್ಬೇಡಿ."

ಗುಮಾಸ್ತರ ಹೆಂಡತಿ ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದರು. ಒಳಗೆ ಬನ್ನಿ ಎಂದು ಕರೆದು ನೀರು ಕೊಟ್ಟರು.

"ಅಮ್ಮಾ, ಈ ಗುಂಡಿ ವಿಷಯ ನಿಮಗೇನಾದ್ರೂ ಗೊತ್ತಿತ್ತಾ?"

ಆಕೆ ಬೆಚ್ಚಿಬಿದ್ದರು. "ಗುಂಡಿನಾ? ಇಲ್ಲಪ್ಪಾ, ನನಗೆ ಗೊತ್ತೇ ಇರ್ಲಿಲ್ಲ. ಆ ಕತ್ತಲಲ್ಲಿ ಯಾರಿಗೆ ತಾನೆ ಕಾಣತ್ತೆ?"

"ಇವಳನ್ನೇನು ಕೇಳ್ತೀರಿ?" ಎಂದು ಗುಮಾಸ್ತರು ನಕ್ಕರು. "ಇವಳಿಗೆ ಕಾರು ಅಂದ್ರೆ ಹಿಂದಿನ ಸೀಟು, ಅಷ್ಟೇ."

ಮಧ್ಯಾಹ್ನ ಇನ್‌ಸ್ಪೆಕ್ಟರ್ ರೈಟರನ್ನು ಕರೆದುಕೊಂಡು ಫ್ಯೂಸಣ್ಣನ ಅಂಗಡಿಗೆ ಹೋದರು. ವಾಹನಗಳ ವೈರಿಂಗ್ ಮಾಡುವ ಈತನ ನಿಜವಾದ ಹೆಸರು ಅವನಿಗೇ ಮರೆತುಹೋಗಿತ್ತೋ ಏನೋ. ಪೊಲೀಸರನ್ನು ಕಂಡದ್ದೇ ತಡ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ.

"ನಾನಲ್ಲ ಸಾರ್! ಟ್ಯಾಗು ಇದ್ದಿದ್ದೇ ಒಂದು, ಕೊಟ್ಟಿದ್ದೇ ಒಂದು!"

"ನಾನಿನ್ನೂ ಏನೂ ಕೇಳೇ ಇಲ್ಲವಲ್ಲಯ್ಯ. ಸ್ಟೇರಿಂಗ್ ಲಾಕ್ ಇರ್ಲಿಲ್ವಾ?"

"ಬಿಚ್ಚಿಬಿಟ್ಟಿದ್ದೀನಿ ಸಾರ್. ಅದು ಹಳೇ ಗಾಡಿ, ಕೀ ಹಾಕದಿದ್ರೆ ಸ್ಟೇರಿಂಗ್ ತಿರುಗಲ್ಲ. ಕೀನೇ ಬೇಡ ಅಂದ್ಮೇಲೆ ಲಾಕ್ ಇಟ್ಕೊಂಡು ಏನ್ಮಾಡೋದು?"

"ಭೇಷ್! ಬಾಗಿಲು ಕಿತ್ತು, ಚಿಲಕ ಹೊಸದು ಹಾಕಿದ್ದೀಯ."

ಫ್ಯೂಸಣ್ಣ ಮಾತು ಮರೆಸಲು ಅಂಗಡಿಯಲ್ಲಿದ್ದ ಇನ್ನೊಂದು ಕಾರಿನ ಬಾಗಿಲು ತೆಗೆದ. ಅದಕ್ಕೂ ಅದೇ ಬಟನ್. "ಎಷ್ಟು ಚೆನ್ನಾಗಿದೆ ನೋಡಿ ಸಾರ್, ಕತ್ತಲಲ್ಲೂ ನೀಲಿ ಬೆಳಕು ಮಿಣಮಿಣ ಅನ್ನತ್ತೆ. ಕಾಣಿಸಲ್ಲ ಅನ್ನೋ ಮಾತೇ ಇಲ್ಲ." ಒತ್ತಿದ. ಎಂಜಿನ್ ಗುರ್ರೆಂದಿತು.

"ಈಗ ಟ್ಯಾಗನ್ನ ಇವನ ಕೈಗೆ ಕೊಡು," ಎಂದರು ಇನ್‌ಸ್ಪೆಕ್ಟರ್. ರೈಟರ್ ಟ್ಯಾಗ್ ಹಿಡಿದು ರಸ್ತೆಯ ತಿರುವಿನವರೆಗೆ ಹೋದ. ಕಾರು ಕುಂಯ್ ಕುಂಯ್ ಎಂದು ಗೊಣಗಿತೇ ಹೊರತು ನಿಲ್ಲಲಿಲ್ಲ.

"ನಡು ರಸ್ತೇಲಿ ನಿಂತುಬಿಟ್ರೆ ಅಪಾಯ ಅಲ್ವಾ ಸಾರ್? ಅದಕ್ಕೇ ಒಂದ್ಸಲ ಸ್ಟಾರ್ಟ್ ಆದ್ಮೇಲೆ ಟ್ಯಾಗು ಬೇಕಾಗಿಲ್ಲ. ಮತ್ತೆ ಸ್ಟಾರ್ಟ್ ಮಾಡೋಕೆ ಬೇಕು."

"ಟ್ಯಾಗಿನ ಮೇಲೆ ನೀರು ಬಿದ್ರೆ?"

"ಅಯ್ಯೋ, ಕೆಟ್ಟೇ ಹೋಗತ್ತೆ. ಸ್ನಾನಕ್ಕೆ ಹೋಗೋವಾಗ ತೆಗೆದಿಡಿ ಅಂತ ಆ ಯಜಮಾನ್ರಿಗೆ ಹತ್ತು ಸಲ ಹೇಳಿ ಕಳಿಸಿದ್ದೀನಿ."

ಇನ್‌ಸ್ಪೆಕ್ಟರ್ ಅಲ್ಲೇ ಒಂದು ಟೈರಿನ ಮೇಲೆ ಕೂತುಬಿಟ್ಟರು. ಟ್ಯಾಗನ್ನು ತೆಗೆದು, ಕಾರು ಸ್ಟಾರ್ಟ್ ಮಾಡಿ, ಟ್ಯಾಗನ್ನು ಇದ್ದಲ್ಲೇ ಇಟ್ಟು ಹೋಗಲು ಹೊರಗಿನ ಕಳ್ಳನಿಗೆ ಯಾವ ತಲೆ ಕೆಟ್ಟಿತ್ತು? ಬಚ್ಚಲ ಬಾಗಿಲವರೆಗೆ ಸಲೀಸಾಗಿ ಓಡಾಡುವವರ ಕೆಲಸ ಇದು. ಇನ್ನು ಆಯಮ್ಮ ಹೇಳಿದ್ದೇನು? ಗುಂಡಿ ಕತ್ತಲಲ್ಲಿ ಕಾಣಲಿಲ್ಲ. ಒತ್ತುವ ಗುಂಡಿ ಕತ್ತಲಲ್ಲೇ ಚೆನ್ನಾಗಿ ಕಾಣುತ್ತದೆ.

"ಲೋ, ಕಾರಿನ ಕೆಳಗೆ ಇಳಿದು ರಿಪೇರಿ ಮಾಡೋಕೆ ಗ್ಯಾರೇಜಲ್ಲಿ ತೋಡಿರ್ತಾರಲ್ಲ, ಅದಕ್ಕೇನಂತಾರೆ?"

"ಗುಂಡಿ ಅಂತೀವಿ ಸಾರ್."

"ಥೂ!" ಎಂದು ಇನ್‌ಸ್ಪೆಕ್ಟರ್ ಎದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದಂತಾಗಿತ್ತು.

ಭಾಮೈದನ ಗ್ಯಾರೇಜು ಗುಮಾಸ್ತರ ಮನೆಯಿಂದ ಎರಡೇ ಬೀದಿ ಆಚೆ. ಬೀಗದ ಕೈ ಅಕ್ಕನ ಬಳಿಯೇ ಇತ್ತು. ಗಂಡ ಹೆಂಡತಿ ಇಬ್ಬರನ್ನೂ ಕರೆತರಲಾಯಿತು, ಜೊತೆಗೆ ಪಂಚರು, ಒಬ್ಬ ಮಹಿಳಾ ಕಾನ್‌ಸ್ಟೆಬಲ್. ಶಟರ್ ಎತ್ತಿದರು. ಒಳಗೆ ಕರೆಂಟಿಲ್ಲ, ಕಿಟಕಿಯಿಲ್ಲ. ಟಾರ್ಚ್ ಹಾಕಿದರೆ ಬಿಳಿ ಕಾರು ಒಂದು ಕಡೆ ವಾಲಿ ಕೂತಿತ್ತು. ಮುಂದಿನ ಎಡ ಚಕ್ರ ರಿಪೇರಿ ಗುಂಡಿಯೊಳಗೆ ಇಳಿದಿತ್ತು.

"ನಾನು ಬರೆದಿದ್ದೇ ಸರಿಯಾಯ್ತಲ್ಲ ಸಾರ್," ಎಂದ ರೈಟರ್. "ಗುಂಡಿಗೆ ಬಿದ್ದು—"

"ಬಾಯಿ ಮುಚ್ಚು."

ಗುಮಾಸ್ತರು ಕಾರನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ನೀನಾ? ನಿನಗೆ ಓಡಿಸೋಕೆಲ್ಲಿ ಬರತ್ತೆ?"

"ಮದುವೆಗೆ ಮುಂಚೆ ಅಪ್ಪ ಕಲಿಸಿದ್ರು. ಈ ಮನೆಗೆ ಬಂದ್ಮೇಲೆ ಕೀ ಯಾವತ್ತು ನನ್ನ ಕೈಗೆ ಬಂದಿತ್ತು ಹೇಳಿ? ಬಂದಿದ್ದು ಮುಚ್ಚಿಡೋಕೆ ಮಾತ್ರ." ಆಕೆ ಇನ್‌ಸ್ಪೆಕ್ಟರ ಕಡೆ ತಿರುಗಿದರು. "ಕಳೆದುಹೋದ ಕೀಗಳೆಲ್ಲಾ ಹಿಟ್ಟಿನ ಡಬ್ಬೀಲಿವೆ ಸಾರ್. ಕೀ ಇಲ್ದಿದ್ರೆ ಓಡಿಸೋದು ಬಿಡ್ತಾರೆ ಅಂದ್ಕೊಂಡೆ. ಇವರು ಗುಂಡಿ ಹಾಕಿಸ್ಕೊಂಡು ಬಂದ್ರು. ನಾನು ಚಾಪೆ ಕೆಳಗೆ ತೂರಿದ್ರೆ ಇವರು ರಂಗೋಲಿ ಕೆಳಗೆ!"

"ಓಡಿಸಿದ್ರೆ ನಿಮಗೇನಮ್ಮಾ ಕಷ್ಟ?"

"ಬ್ರೇಕು ಅಂತ ಎಕ್ಸಲೇಟರ್ ತುಳೀತಾರೆ ಸಾರ್. ಆ ಸೈಕಲ್ ಮೇಲೆ ಹತ್ತಿಸಿದ್ದು ಯಾವ ಸಿಲಿಂಡರ್ ಗಾಡೀನೂ ಅಲ್ಲ. ನಾನು ಅಡುಗೆಮನೇಲಿದ್ದೆ. ಬಾ ಕೂಸೇ, ತಿಂಡಿ ತಿನ್ನು ಅಂತ ಕಿಟಕಿಯಿಂದ ಕೂಗಿದೆ. ಮಗು ಸೈಕಲ್ ಬಿಟ್ಟು ಇಳಿದು ಇತ್ತ ಬಂತು, ಕಾರು ಹಿಂದಕ್ಕೆ ನುಗ್ಗಿತು. ನಾನು ಕೂಗದೇ ಇದ್ದಿದ್ರೆ..." ಸೆರಗು ಬಾಯಿಗೆ ಒತ್ತಿಕೊಂಡರು. "ಅಂಥಾ ಕೈಗೆ ಮಗೂನ ಕೊಟ್ಟು ಶಾಲೆಗೆ ಕಳಿಸಿ ಅಂತಾರೆ. ನನ್ನ ಮಾತು ಆ ಮನೇಲಿ ಯಾರು ಕೇಳ್ತಾರೆ?"

ಗುಮಾಸ್ತರು ಹೆಂಡತಿಯ ಹತ್ತಿರ ಬಂದು, "ಕಿಟಕೀಲಿ ನೀನಿದ್ಯಾ ಅವತ್ತು?" ಎಂದರು. "ಯಾರೂ ನೋಡ್ಲಿಲ್ಲ ಅಂದ್ಕೊಂಡಿದ್ದೆ."

ಸಂಜೆ ಠಾಣೆಯಲ್ಲಿ ಬಂಧನದ ಮೆಮೊ ತುಂಬುವ ಕೆಲಸ. ಯಾರೇ ಆದರೂ ಬಂಧಿಸಿ ಎಂದವರು ಎದುರಿಗೇ ಕೂತಿದ್ದರು. ರೈಟರ್ ತಲೆ ತಗ್ಗಿಸಿಕೊಂಡು ಕೇಳಿದ, "ಬಂಧನದ ವಿಷಯ ಯಾರಿಗೆ ತಿಳಿಸ್ಬೇಕಮ್ಮಾ?"

"ನಮ್ಮ ಯಜಮಾನ್ರಿಗೆ."

ಗುಮಾಸ್ತರು ಮೆಮೊ ಎಳೆದುಕೊಂಡು ಓದಿದರು. ತಪ್ಪುಗಳಿದ್ದವು, ಒಂದಕ್ಕೂ ಸುತ್ತು ಹಾಕಲಿಲ್ಲ. ತಿಳಿಸಲಾಗಿದೆ ಎಂಬಲ್ಲಿ ಸಹಿ ಮಾಡಿದರು. ಜಾಮೀನಿನ ಕಾಗದಕ್ಕೂ ತಾವೇ ಸಹಿ ಮಾಡಿದರು.

"ದೂರು ವಾಪಸ್ ತಗೊಳ್ತೀರಾ?" ಇನ್‌ಸ್ಪೆಕ್ಟರ್ ಕೇಳಿದರು. ಅವರಿಗೂ ಸಾಕುಸಾಕಾಗಿತ್ತು. "ತಗೊಂಡ್ರೆ ಕಾರು ನಾಳೇನೇ ಬಿಟ್ಟುಕೊಡ್ತೀನಿ."

"ಬೇಡ," ಎಂದರು ಗುಮಾಸ್ತರು. ಕೊರಳಿನ ದಾರ ತಲೆಯ ಮೇಲಿಂದ ತೆಗೆದು ಟ್ಯಾಗನ್ನು ಮೇಜಿನ ಮೇಲಿಟ್ಟರು. "ಇದನ್ನೂ ಕಾರಿನ ಜೊತೆ ಮುದ್ದೆಮಾಲಿಗೆ ಸೇರಿಸಿಬಿಡಿ. ಕೇಸು ಮುಗಿಯೋವರೆಗೆ ನಿಮ್ಮಲ್ಲೇ ಇರ್ಲಿ."

"ಕೇಸು ಮುಗಿಯೋದು ಯಾವಾಗ್ಲೋ ಏನೋ ಸಾರ್. ಅಷ್ಟರಲ್ಲಿ ಗಾಡಿ ತುಕ್ಕು ಹಿಡಿದುಹೋಗತ್ತೆ."

"ಅದು ನನಗೆ ಗೊತ್ತಿಲ್ವೇನ್ರೀ? ನಾನು ಕೋರ್ಟಿನಲ್ಲಿದ್ದವನು," ಎಂದು ಗುಮಾಸ್ತರು ಎದ್ದು ಹೆಂಡತಿಗೆ, "ನಡಿ, ನಡ್ಕೊಂಡೇ ಹೋಗೋಣ," ಎಂದರು.