ಸದ್ದು ಕುಡಿಯದ ಸೀಲಿಂಗ್

"ಮೇಷ್ಟ್ರೇ, ಸಂಜೆಯೊಳಗೆ ನನ್ನ ಹಲಗೆಗಳನ್ನೆಲ್ಲ ಕಿತ್ತು ಬಿಸಾಕ್ತಾರಂತೆ. ನಾನು ಮೋಸಗಾತಿ ಅಂತೆ. ಇನ್ಯಾವ ಶಾಲೆಯವರು ನನಗೆ ಕೆಲಸ ಕೊಡ್ತಾರೆ?"

ಹಲಗೆ ಮಾಡುವ ಹೆಂಗಸು ಕೈಯಲ್ಲೊಂದು ಮಾದರಿ ತುಂಡು ಹಿಡಿದು ಬಾಗಿಲಲ್ಲೇ ನಿಂತು ಕೇಳಿದಳು. ಶಾಲೆಯ ಹಿಂದಿನ ಕೋಣೆಯಲ್ಲಿದ್ದ ನಮ್ಮ ಡ್ರಿಲ್ ಮೇಷ್ಟ್ರದು ಕೂತಲ್ಲಿ ಕೂರುವ ಜಾಯಮಾನವಲ್ಲ. ಶಾಲೆಯಲ್ಲಿ ಯಾರ ಮೇಲೆ ಅಪವಾದ ಬಂದರೂ ಜನ ಹುಡುಕಿಕೊಂಡು ಬರುತ್ತಿದ್ದುದು ಅವರನ್ನೇ. ಅವಳ ಮಾತು ಮುಗಿಯುವ ಮೊದಲೇ ಅವರ ಕಾಲು ಚಪ್ಪಲಿಯಲ್ಲಿತ್ತು. ಗಂಟೆ ಹೊಡೆಯುವ ನಾನು ಎಂದಿನಂತೆ ಹಿಂದೆ ಓಡಿದೆ.

ಸದ್ದು ಹೀರಲೆಂದು ಹಳೇ ಬಟ್ಟೆ, ಹುಲ್ಲು ಒತ್ತಿ ಅವಳು ಮಾಡಿದ ಹಲಗೆಗಳು ಹೊಸ ಕಟ್ಟಡದ ದೊಡ್ಡ ತರಗತಿಯ ಸೀಲಿಂಗಿನಲ್ಲಿದ್ದವು. ರಜೆಗೆ ಮೊದಲು ಮಕ್ಕಳ ಗಲಾಟೆ ಅಲ್ಲಿ ಹತ್ತಿ ಮೂಟೆಯೊಳಗೆ ಬಿದ್ದಂತೆ ಅಡಗುತ್ತಿತ್ತು. ಈಗ ಒಂದು ಬೆಂಚು ಎಳೆದರೂ ಕೋಣೆಯೆಲ್ಲ ಗುಂಯ್‌ಗುಡುತ್ತಿತ್ತು. ಪಾಠ ಕೇಳಿಸದೆ ಮಕ್ಕಳು ಮಿಸುಕಾಡುತ್ತಿದ್ದರು.

"ಸರಕೇ ಕಳಪೆ," ಎಂದ ಅಲ್ಲೇ ನಿಂತಿದ್ದ, ಕಟ್ಟಡ ಕಟ್ಟಿದ ಕಂಟ್ರಾಕ್ಟರ್. "ರಜೆಯಲ್ಲಿ ನೊಣಾನೂ ಒಳಗೆ ಹೋಗಿಲ್ಲ. ಬೀಗದ ಕೈ ನನ್ನ ಹತ್ರಾನೇ ಇತ್ತು."

ಹೆಡ್ಮಾಷ್ಟ್ರು ಕೈ ಹಿಸುಕಿಕೊಂಡರು. "ನೋಡೋಕೇನೋ ಹೊಸದರ ಹಾಗೇ ಇದೆ. ಧೂಳೂ ಇಲ್ಲ."

ಮೇಷ್ಟ್ರು ಏಣಿ ಹತ್ತಿ ಒದ್ದೆ ಬಟ್ಟೆಯನ್ನು ಹಲಗೆಗೆ ಒತ್ತಿದರು. ನೀರು ಇಂಗದೆ ಅವರ ಮೂಗಿನ ಮೇಲೆ ತೊಟ್ಟಿಕ್ಕಿತು.

"ಸ್ನಾನ ಆಯ್ತಾ ಮೇಷ್ಟ್ರೇ?" ಎಂದೆ.

"ನಗಬೇಡ ಅಣ್ಣಯ್ಯ. ಅವಳ ಕೈಲಿರೋ ಮಾದರಿ ತುಂಡಿಗೂ ನೀರು ಹಾಕು."

ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಂಗಿತು. ಅಷ್ಟರಲ್ಲಿ ಮೇಷ್ಟ್ರು ಮೂಲೆಯ ಹಲಗೆಯೊಂದನ್ನು ಬಿಚ್ಚಿ ತಿರುಗಿಸಿ ತೋರಿಸಿದರು. ಅದರ ಬೆನ್ನಲ್ಲಿ ತಟ್ಟೆಯಗಲದ ಕಂದು ಕಲೆ. ಮುಂಭಾಗ ಮಾತ್ರ ಶುಭ್ರ.

ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ತಾವು ಮಾತ್ರ ಅತ್ತಿಂದಿತ್ತ ತಿರುಗುತ್ತ ಮೇಷ್ಟ್ರು ಶುರುಮಾಡಿದರು. "ಹಲಗೆ ಅವಳದ್ದೇ. ಮುಖಕ್ಕೆ ಮಾತ್ರ ಮೊದಲಿನಂಥದೇ ಬಣ್ಣ ಬಳಿದಿದ್ದಾರೆ. ಅದರ ಸಣ್ಣ ತೂತೆಲ್ಲ ಮುಚ್ಚಿಹೋಗಿದೆ. ನೀರೇ ಇಂಗದ ಕಡೆ ಸದ್ದು ಎಲ್ಲಿ ಇಂಗುತ್ತೆ?"

"ಬಣ್ಣ ಯಾಕೆ ಬಳೀಬೇಕು?" ಎಂದರು ಹೆಡ್ಮಾಷ್ಟ್ರು.

"ಬೆನ್ನಲ್ಲಿರೋದು ನೀರಿನ ಕಲೆ. ತಾರಸಿ ಸೋರಿ ಕಲೆ ಕೆಳಗೂ ಇಳಿದಿತ್ತು. ಅದೊಂದಕ್ಕೇ ಬಳಿದರೆ, ಒಂದು ಹಲ್ಲು ಕಟ್ಟಿಸ್ಕೊಂಡ ಮುದುಕನ ಬಾಯಿ ಹಾಗೆ ಅದೊಂದೇ ಹೊಳೀತಿತ್ತು. ಅದಕ್ಕೇ ಎಲ್ಲಕ್ಕೂ ಬಳಿದರು. ಸೋರಿದ್ದನ್ನ ಮುಚ್ಚಿಡಬೇಕಾದವರು ಯಾರು? ತಾರಸಿ ಹಾಕಿದವರು. ರಜೆಯಲ್ಲಿ ಒಳಗೆ ಹೋಗಬಹುದಾದವರು ಯಾರು? ಬೀಗದ ಕೈ ಇದ್ದವರು. ಅದನ್ನ ನೀವೇ ಹೇಳಿದಿರಿ, ಸ್ವಾಮಿ."

ಕಂಟ್ರಾಕ್ಟರ್ ಎದ್ದೇಬಿಟ್ಟ. "ಒಂದು ಕೈ ಬಣ್ಣ ಹೊಡೆದರೆ ಇಷ್ಟೆಲ್ಲ ಆಗುತ್ತೆ ಅಂತ ಯಾರಿಗ್ರೀ ಗೊತ್ತಿತ್ತು!"

ಕೋಣೆ ಆ ಮಾತನ್ನು ಇನ್ನೊಮ್ಮೆ ಕೂಗಿ ಹೇಳಿತು.

"ತಪ್ಪಾಯ್ತಮ್ಮ," ಎಂದರು ಹೆಡ್ಮಾಷ್ಟ್ರು. "ನಾಳೆಯಿಂದಲೇ ಹೊಸ ಹಲಗೆ ಶುರುಮಾಡು. ಉಳಿದ ಕೋಣೆಗಳಿಗೂ ನೀನೇ ಮಾಡಬೇಕು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮಾಡ್ತೀನಿ. ಮೊದಲು ಮೇಲೆ ಸೋರೋದು ನಿಲ್ಲಲಿ. ಆಮೇಲೆ ಹೇಳಿಕಳಿಸಿ."

ಕಂಟ್ರಾಕ್ಟರ್ ಆಗಲೇ ತಾರಸಿಯ ಮೆಟ್ಟಿಲು ಹತ್ತುತ್ತಿದ್ದ.