ನಲವತ್ತೇಳನೆಯದು

ಸೋಮವಾರ ಬೆಳಿಗ್ಗೆ 9:40ಕ್ಕೆ ವಿಜ್ಞಾನ ವಸ್ತುಸಂಗ್ರಹಾಲಯದ ನಿರ್ದೇಶಕರು ಠಾಣೆಗೆ ಬಂದು, ತಮ್ಮ ಬೀಗ ಹಾಕಿದ ಗಾಜಿನ ಕಪಾಟಿನಿಂದ ಏನೂ ಕಳುವಾಗಿಲ್ಲ, ಬದಲಿಗೆ ಒಂದು ಹೆಚ್ಚಾಗಿದೆ ಎಂದು ದೂರು ಕೊಟ್ಟರು.

ರೈಟರ್ ಪೇದೆಯ ಪೆನ್ನು ನಿಂತಿತು.

“ಹೆಚ್ಚಾಗಿದೆ ಅಂದ್ರೆ?”

“ನಲವತ್ತಾರು ಇತ್ತು. ಈಗ ನಲವತ್ತೇಳಿದೆ.”

“ಏನು?”

“ಕ್ರೋಮೋಸೋಮು.”

ಇಪ್ಪತ್ತೆರಡು ವರ್ಷದಿಂದ ಎಫ್‌ಐಆರ್ ಬರೆಯುತ್ತಿದ್ದ ರೈಟರ್, ಸೈಕಲ್ಲಿನಿಂದ ಹಿಡಿದು ಕೊಳಾಯಿಯ ತನಕ ಕಳುವಾದದ್ದನ್ನೆಲ್ಲ ದಾಖಲಿಸಿದ್ದ. ಲಾಭವಾಯಿತೆಂದು ಅಳುತ್ತ ಬಂದವರನ್ನು ಕಂಡಿರಲಿಲ್ಲ. ಅವನು ಇನ್ಸ್‌ಪೆಕ್ಟರ್ ಕಡೆ ನೋಡಿದ. ಐವತ್ತು ದಾಟಿದರೂ ಓದುವ ಕನ್ನಡಕ ತನಗೆ ಬೇಕೆಂದು ಇನ್ನೂ ಒಪ್ಪಿಕೊಳ್ಳದ ಇನ್ಸ್‌ಪೆಕ್ಟರ್, ದೂರಿನ ಕಾಗದವನ್ನು ತೋಳಿನಷ್ಟು ದೂರ ಹಿಡಿದು ಓದಿ, ಕುರ್ಚಿ ಎಳೆದುಕೊಂಡರು.

ನಿರ್ದೇಶಕರು ಹೇಳಿದ್ದು ಇಷ್ಟು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಸಭಾಂಗಣದ ಉದ್ಘಾಟನೆ. ಅದರ ನಡುವೆ ಬಟ್ಟೆಯಲ್ಲಿ ಹೊಲಿದು ಹತ್ತಿ ತುಂಬಿದ ಕ್ರೋಮೋಸೋಮುಗಳು, ಇಪ್ಪತ್ತಮೂರು ಜೊತೆ, ಕಪ್ಪು ಬಿಳಿ ಪಟ್ಟೆಯವು. ಪ್ರತಿ ಜೊತೆಯಲ್ಲಿ ಒಂದಕ್ಕೆ ಕೆಂಪು ಟೋಪಿ, ಅದು ತಾಯಿಯಿಂದ ಬಂದದ್ದು. ಇನ್ನೊಂದಕ್ಕೆ ನೀಲಿ ಟೋಪಿ, ತಂದೆಯಿಂದ ಬಂದದ್ದು. ಶನಿವಾರ ಸಂಜೆ ಎಣಿಸಿದಾಗ ಸರಿಯಾಗಿತ್ತು. ಈ ದಿನ ಫೋಟೋ ತೆಗೆಸುವಾಗ ನೋಡಿದರೆ, ಇಪ್ಪತ್ತೊಂದನೆಯ ಜಾಗದಲ್ಲಿ ಎರಡಿರಬೇಕಾದದ್ದು ಮೂರಿವೆ.

“ತೆಗೆದುಬಿಟ್ಟರೆ ಆಯ್ತಲ್ಲ ಸಾರ್,” ಎಂದ ರೈಟರ್.

“ಇವತ್ತು ಒಂದು ಸೇರಿಸಿದವರು ಶುಕ್ರವಾರ ಹತ್ತು ಸೇರಿಸ್ತಾರೆ. ಬೀಗದ ಕೈ ಇರೋದು ಕಾವಲುಗಾರನ ಹತ್ತಿರ ಮಾತ್ರ. ಯಾರು ಅಂತ ಗುರುವಾರ ಸಂಜೆ ಐದರೊಳಗೆ ಗೊತ್ತಾಗದಿದ್ರೆ ಅವನನ್ನ ಮನೆಗೆ ಕಳಿಸ್ತೀನಿ. ಆದೇಶ ಟೈಪಾಗಿದೆ.”

ಕಾವಲುಗಾರನಿಗೆ ಇಪ್ಪತ್ತೊಂಬತ್ತು ವರ್ಷದ ಸೇವೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು.

ನಿರ್ದೇಶಕರು ಹೋದ ಮೇಲೆ ರೈಟರ್ ತಲೆ ಕೆರೆದುಕೊಂಡ. “ಕದ್ದವನು ಕಳ್ಳ. ಇಟ್ಟು ಹೋದವನನ್ನ ಏನಂತಾರೆ ಸಾರ್?”

“ಕೊಟ್ಟವ ಕೋಡಂಗಿ ಅಂತಾರೆ. ಅದಕ್ಕೆ ಸೆಕ್ಷನ್ ಇಲ್ಲ. ಅತಿಕ್ರಮ ಪ್ರವೇಶ ಅಂತ ಹಾಕಿ.”

11:15ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ಟಿಕೆಟ್ ಕೊಡುವಾಕೆ, ಎದುರು ಬೀದಿಯ ಪುಸ್ತಕ ಕಟ್ಟುವವ. ಆಕೆ ಎಣಿಸಿದರೆ ನಲವತ್ತೇಳು, ಈತ ಎಣಿಸಿದರೆ ನಲವತ್ತೈದು. ಮೂರು ಸಲ ಎಣಿಸಿದ ಮೇಲೆ, ಅವನು ಸಣ್ಣವನ್ನು ಎರಡೆರಡು ಸೇರಿಸಿ ಒಂದೆಂದು ಲೆಕ್ಕ ಹಿಡಿದಿದ್ದು ಗೊತ್ತಾಯಿತು. ಕಪಾಟಿನ ಮೇಲಿನ ಫಲಕದಲ್ಲಿ ದಪ್ಪ ಅಕ್ಷರದಲ್ಲಿ ‘ಇದು ನೀವು’ ಎಂದು ಬರೆದಿತ್ತು.

“ನಾನು ಗಂಡಸು. ನನಗೂ ಇಷ್ಟೇನಾ?” ಎಂದು ಪುಸ್ತಕ ಕಟ್ಟುವವ ಕೇಳಿದ.

“ಇಷ್ಟೇ,” ಎಂದರು ನಿರ್ದೇಶಕರು. “ಕೊನೆಯ ಜೊತೆಯಲ್ಲಿ ಅಪ್ಪನ ಕಡೆಯದು ಮಾತ್ರ ಕುಳ್ಳ. ಪಕ್ಕದ ಚಿತ್ರದಲ್ಲಿದೆ ನೋಡಿ.”

ಅವನು ಚಿತ್ರ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತ.

ಬೀಗಕ್ಕೆ ಪೆಟ್ಟಾಗಿರಲಿಲ್ಲ. ಹೆಚ್ಚಾಗಿದ್ದ ಕ್ರೋಮೋಸೋಮು ಒಂದು ಗೇಣು ಉದ್ದ, ಕೆಂಪು ಟೋಪಿಯದು. ಗುಂಡುಸೂಜಿಯಿಂದ ನೆಟ್ಟಗೆ ಚುಚ್ಚಿದ್ದರು. ತಾಯಿ ಹೊಲಿಗೆ ಕೆಲಸ ಮಾಡಿಯೇ ಸಾಕಿದ್ದ ಮಹಿಳಾ ಪೇದೆ ಬಗ್ಗಿ ನೋಡಿ, ಹಳೆಯ ಎರಡರ ಸೂಜಿತೂತು ನಾಲ್ಕು ಬೆರಳು ಬಲಕ್ಕಿರುವುದನ್ನು ತೋರಿಸಿದಳು.

“ಆ ಎರಡನ್ನೂ ಸರಿಸಿ ಇದಕ್ಕೆ ಜಾಗ ಮಾಡ್ಕೊಟ್ಟಿದ್ದಾರೆ ಸಾರ್. ಕಿಡಿಗೇಡಿಗಳು ಇಷ್ಟು ಮರ್ಯಾದೆಯಿಂದ ಮಾಡಲ್ಲ.”

ಕಾವಲುಗಾರನನ್ನು ವಿಚಾರಿಸಲಾಯಿತು. ಕೆಲಸ ಬಿಟ್ಟು ಹೋಗುವವನಂತೆ ಅವನು ಬೀಗದ ಕೈ ಗೊಂಚಲನ್ನು ಸೊಂಟದಿಂದ ಮೊದಲೇ ಬಿಚ್ಚಿ ಹಿಡಿದಿದ್ದ.

“ಭಾನುವಾರ ಯಾರು ಬಂದಿದ್ರು?”

“ರಿಜಿಸ್ಟರಲ್ಲಿ ಬರೆದಿದೀನಿ ಸಾರ್. ಟೈಲರಕ್ಕ, ಅವರ ತಂಗಿ ಚಿಕ್ಕಮ್ಮ. ಇವನ್ನೆಲ್ಲ ಹೊಲಿದುಕೊಟ್ಟವರೇ. ಎಂಟನೇ ಜೊತೆ ಹೊಲಿಗೆ ಬಿಟ್ಟಿತ್ತು, ರಿಪೇರಿಗೆ. ಹನ್ನೊಂದು ಹತ್ತಕ್ಕೆ ಒಳಗೆ, ಹನ್ನೊಂದು ಐವತ್ತಕ್ಕೆ ಹೊರಗೆ.”

“ಅಷ್ಟೂ ಹೊತ್ತು ನೀವಲ್ಲೇ ಇದ್ರಾ?”

“ಕಪಾಟು ತೆಗೆದುಕೊಟ್ಟು ನೀರಿನ ಪಂಪು ನಿಲ್ಲಿಸೋಕೆ ಹೋದೆ. ಹತ್ತು ನಿಮಿಷ. ನನ್ನದೇ ತಪ್ಪು ಅಂತ ಬರ್ಕೊಳ್ಳಿ ಸಾರ್. ಆ ಅಕ್ಕತಂಗಿಯರು ಅಂಥವರಲ್ಲ.”

“ಯಾರು ಎಂಥವರು ಅಂತ ನಾವು ನೋಡ್ತೀವಿ.”

ನೋಡಿದ್ದು ಹೇಗೆಂದರೆ ಹೀಗೆ. ಮಂಗಳವಾರ 10:30ಕ್ಕೆ ಇನ್ಸ್‌ಪೆಕ್ಟರ್, ಮಹಿಳಾ ಪೇದೆ ಇಬ್ಬರೂ ಹೊಲಿಗೆ ಅಂಗಡಿಗೆ ಹೋದರು. ಒಂದೇ ಕೋಣೆ, ಮೂರು ಯಂತ್ರ, ನೆಲದ ತುಂಬ ಬಟ್ಟೆ ಚೂರು. ಟೈಲರಕ್ಕನ ಕತ್ತರಿಗಿಂತ ನಾಲಿಗೆ ಹರಿತ. ಕಿಟಕಿಯ ಬಳಿ ಆಕೆಯ ತಂಗಿ ಕುಳಿತು, ಅಂಗಿಗಳ ಬಿಟ್ಟ ದಾರಗಳನ್ನು ಕತ್ತರಿಸುತ್ತಿದ್ದಳು: ನಲವತ್ತೊಂದು ವರ್ಷ, ಗಿಡ್ಡ ಮೈಕಟ್ಟು, ದಪ್ಪ ಕನ್ನಡಕ, ಚಿಕ್ಕ ಕಿವಿ. ಟೈಲರಕ್ಕನ ಮಗಳು ಕರೆಯುವುದನ್ನು ಕೇಳಿ ಬೀದಿಗೆಲ್ಲ ಆಕೆ ಚಿಕ್ಕಮ್ಮನೇ. ಮಾತು ನಿಧಾನ, ಕೆಲಸ ಚೊಕ್ಕ.

ಇನ್ಸ್‌ಪೆಕ್ಟರ್ ಆಕೆಯ ಕಡೆ ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ, ಜೋರಾಗಿ ಕೇಳಿದರು. “ಚೆ-ನ್ನಾ-ಗಿ-ದ್ದೀ-ರಾ?”

“ಚೆನ್ನಾಗಿದೀನಿ. ಕಿವಿ ಕೇಳಿಸತ್ತೆ,” ಎಂದು ಚಿಕ್ಕಮ್ಮ ಕುರ್ಚಿ ಎಳೆದುಕೊಟ್ಟಳು.

ಇನ್ಸ್‌ಪೆಕ್ಟರ್ ನಕ್ಕು, ಅಕ್ಕನ ಕಡೆ ತಿರುಗಿದರು. ಭಾನುವಾರ ಏನು ಹೊಲಿದಿರಿ, ಎಲ್ಲಿ ಕೂತು ಹೊಲಿದಿರಿ, ಯಾರಾದರೂ ಒಳಗೆ ಬಂದಿದ್ದರಾ, ನೀವೇ ಒಂದು ಹೆಚ್ಚಿಗೆ ಮಾಡಿದಿರಾ. ಬೆಳಕಿಗಾಗಿ ಎಂಟನೆಯದನ್ನು ಕಿಟಕಿ ಹತ್ತಿರ ಒಯ್ದು, ಬೆನ್ನು ತಿರುಗಿಸಿ ಕೂತು ಹೊಲಿದೆ ಎಂದಳು ಆಕೆ. ಹೆಚ್ಚಿಗೆ ತಾನು ಮಾಡಿಲ್ಲ ಎಂದಳು. ಹೇಳಿಕೆ ಬರೆದು ಸಹಿ ಹಾಕಿಸಿದ್ದಾಯಿತು.

ಹೊರಡುವಾಗ ಬಾಗಿಲಲ್ಲಿ ಚಿಕ್ಕಮ್ಮ ಕೇಳಿದಳು. “ಮುಗೀತಾ?”

“ಮುಗೀತಮ್ಮ.”

“ಸರಿ,” ಎಂದು ಆಕೆ ಮತ್ತೆ ದಾರ ಕತ್ತರಿಸಲು ಕುಳಿತಳು.

ಬುಧವಾರ ಮಧ್ಯಾಹ್ನ 3:00ಕ್ಕೆ ಜಪ್ತಿ ಮಾಡಿದ ವಸ್ತುವನ್ನು ತಜ್ಞರ ಅಭಿಪ್ರಾಯಕ್ಕಾಗಿ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಒಯ್ಯಲಾಯಿತು. ಅಲ್ಲಿನ ಡಾಕ್ಟರಮ್ಮ ಇಡೀ ದಿನ ಕ್ರೋಮೋಸೋಮು ಎಣಿಸುವವರು. ಕೇಳುವವರು ಸಿಕ್ಕಿದ್ದೇ ಅವರಿಗೆ ಹಬ್ಬವಾಯಿತು.

“ಒಂದು ಜೀವಕೋಶದಲ್ಲಿ ಎರಡು ಮೀಟರ್ ದಾರ ಇರತ್ತೆ. ಕೋಶ ಕಣ್ಣಿಗೂ ಕಾಣಲ್ಲ. ಒಳಗೆ ಹೆಂಗೆ ತುಂಬ್ತೀರಿ?”

“ಉಂಡೆ ಸುತ್ತುತೀನಿ,” ಎಂದಳು ಪೇದೆ.

“ಎಲ್ಲಾ ಸೇರಿಸಿ ಒಂದೇ ಉಂಡೆ ಮಾಡಿದ್ರೆ ಗಂಟಾಗತ್ತೆ. ಕೋಶ ಎರಡಾಗೋವಾಗ ಸಮ ಹಂಚಬೇಕಲ್ಲ? ಅದಕ್ಕೆ ನಲವತ್ತಾರು ಬೇರೆ ಬೇರೆ ಲಡಿ. ಇಲ್ಲಿ ಸೊಂಟ ಇದೆಯಲ್ಲ, ಇಲ್ಲೇ ಹಿಡಿದು ಆಚೆ ಈಚೆ ಎಳೆಯೋದು. ತುದಿಗೆ ಟೋಪಿ ಯಾಕೆ ಅಂದ್ರೆ, ಬೂಟಿನ ದಾರದ ತುದಿ ಗಟ್ಟಿ ಇರತ್ತಲ್ಲ, ಹಂಗೆ. ಇಲ್ಲದಿದ್ರೆ ಬಿಚ್ಚಿಕೊಂಡು ಹೋಗತ್ತೆ. ಕಣ್ಣಿನ ಬಣ್ಣ, ಮೂಗಿನ ಉದ್ದ, ರಕ್ತ ತಯಾರಿಸೋ ರೀತಿ, ಎಲ್ಲ ಈ ದಾರದಲ್ಲೇ ಬರ್ದಿದೆ.”

ಇನ್ಸ್‌ಪೆಕ್ಟರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಕತ್ತರಿಸಿ ಬಿದ್ದ ದಾರದ ತುಂಡುಗಳಂತೆ ಏನೇನೋ ಚೆದುರಿ ಬಿದ್ದಿತ್ತು. ಒಬ್ಬ ಮನುಷ್ಯನನ್ನು ಮಾಡುವ ಸಾಮಾನು ಇಷ್ಟೇನೇ ಎಂದು ಅವರಿಗೆ ನಿಜಕ್ಕೂ ಸಂತೋಷವಾಯಿತು. ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ ಕಂಡಿತಲ್ಲ ಎಂಬ ಸಂತೋಷವೂ ಅದರಲ್ಲಿ ಸೇರಿತ್ತು.

ಡಾಕ್ಟರಮ್ಮ ಬಟ್ಟೆಯದನ್ನು ತಿರುಗಿಸಿ ನೋಡಿದರು. “ಪಟ್ಟೆ ಒಂದೂ ತಪ್ಪಿಲ್ಲ. ಇದು ಇಪ್ಪತ್ತೊಂದೇ. ಮಾಡಿದವರಿಗೆ ಏನು ಮಾಡ್ತಿದೀವಿ ಅಂತ ಗೊತ್ತಿತ್ತು.”

“ಇದು ಮೂರಿದ್ರೆ ಮನುಷ್ಯ ಬದುಕಲ್ವಾ?”

“ಯಾಕೆ ಬದುಕಲ್ಲ? ನಗ್ತಾರೆ, ಜಗಳ ಆಡ್ತಾರೆ, ಕೆಲಸಕ್ಕೆ ಹೋಗ್ತಾರೆ. ಡೌನ್ ಸಿಂಡ್ರೋಮ್ ಅಂತೀವಿ. ಆ ಮೂರನೇದು ಹೆಚ್ಚಿನವರಿಗೆ ತಾಯಿ ಕಡೆಯಿಂದ ಬಂದಿರತ್ತೆ.”

ಕೆಂಪು ಟೋಪಿ. ಇನ್ಸ್‌ಪೆಕ್ಟರ್ ಟಿಪ್ಪಣಿ ಮಾಡಿಕೊಂಡರು. “ಈ ಊರಲ್ಲಿ ಅಂಥವರ ಪಟ್ಟಿ ಸಿಗತ್ತಾ?”

“ಸಿಗಲ್ಲ. ಅದು ಅವರವರ ಗುಟ್ಟು.”

“ಕೇಳಿದ್ದು ನನ್ನ ತಪ್ಪು.”

ಗುರುವಾರ 2:20ಕ್ಕೆ ಪೇದೆ ಠಾಣೆಯ ಮೇಜಿನ ಮೇಲೆ ಎರಡು ಕ್ರೋಮೋಸೋಮು ಇಟ್ಟಳು. ಒಂದು ಜಪ್ತಿಯಾದದ್ದು, ಇನ್ನೊಂದು ವಸ್ತುಸಂಗ್ರಹಾಲಯದಿಂದ ರಸೀದಿ ಕೊಟ್ಟು ತಂದದ್ದು.

“ಹತ್ತಿ ತುಂಬಿದ ಮೇಲೆ ಬಾಯಿ ಮುಚ್ಚಿದ ಹೊಲಿಗೆ ನೋಡಿ ಸಾರ್. ಮೂರು ಸುತ್ತು ಗಂಟು, ಆಮೇಲೆ ಗಂಟನ್ನ ಹತ್ತಿಯೊಳಗೆ ಎಳೆದು ಬಚ್ಚಿಟ್ಟಿದಾರೆ. ಎರಡರಲ್ಲೂ ಅದೇ. ಕಪಾಟಿನಲ್ಲಿ ಉಳಿದವಕ್ಕೂ ಅದೇ. ಟೈಲರಕ್ಕ ಎಂಟನೇದಕ್ಕೆ ಹಾಕಿದ ಗಂಟು ಬೇರೆ. ನಲವತ್ತಾರರ ಬಾಯಿ ಮುಚ್ಚಿದವರೇ ಇದರದ್ದನ್ನೂ ಮುಚ್ಚಿರೋದು.”

ಇನ್ಸ್‌ಪೆಕ್ಟರ್ ಕಾವಲುಗಾರನ ರಿಜಿಸ್ಟರಿನ ನಕಲು ತೆಗೆದರು. ಜೇಬಿನಿಂದ ಕನ್ನಡಕವನ್ನೂ ತೆಗೆದರು. ಭಾನುವಾರದ ಸಾಲಿನಲ್ಲಿ ಎರಡು ಹೆಸರಿದ್ದವು. ಹೇಳಿಕೆ ಒಂದೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ಗೊಣಗಿ, ಅವರು ಟೋಪಿ ಹಾಕಿಕೊಂಡರು.

3:05ಕ್ಕೆ ಹೊಲಿಗೆ ಅಂಗಡಿಯಲ್ಲಿ ಇನ್ಸ್‌ಪೆಕ್ಟರ್ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕುಳಿತರು. ಈ ಸಲ ಮಾಮೂಲು ದನಿಯಲ್ಲೇ ಕೇಳಿದರು.

“ಭಾನುವಾರ ಕಪಾಟಿನಲ್ಲಿ ಇದನ್ನ ಚುಚ್ಚಿದ್ದು ಯಾರು?”

“ನಾನು,” ಎಂದಳು ಚಿಕ್ಕಮ್ಮ.

ಟೈಲರಕ್ಕನ ಯಂತ್ರ ನಿಂತಿತು.

“ಮೊನ್ನೆನೇ ಯಾಕೆ ಹೇಳಲಿಲ್ಲ?”

“ಅಕ್ಕನಿಗೆ ಹನ್ನೊಂದು ಪ್ರಶ್ನೆ ಕೇಳಿದ್ರಿ. ನನಗೆ ಒಂದು ಕೇಳಿದ್ರಿ, ಚೆನ್ನಾಗಿದ್ದೀರಾ ಅಂತ. ಚೆನ್ನಾಗಿದ್ದೆ.”

ಪೇದೆ ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಇನ್ಸ್‌ಪೆಕ್ಟರ್ ಕಿವಿ ಕೆಂಪಾದರೂ ಬರೆಯುವುದು ನಿಲ್ಲಿಸಲಿಲ್ಲ.

“ಯಾಕೆ ಮಾಡಿದ್ರಿ?”

“ಇವನ್ನ ಕೊಡೋಕೆ ಹೋದ ದಿನ ಬೋರ್ಡಲ್ಲಿ ‘ಇದು ನೀವು’ ಅಂತಿತ್ತು. ಎಣಿಸಿದೆ. ಒಂದು ಕಮ್ಮಿ. ಗಂಡಸರಿಗೆ ಪಕ್ಕದಲ್ಲಿ ಚಿತ್ರ ಆದ್ರೂ ಇದೆ, ನನಗೆ ಅದೂ ಇಲ್ಲ. ಎಲ್ಲದರ ಬಾಯಿ ಮುಚ್ಚಿದ್ದು ನಾನು. ನಾನೇ ಇಲ್ಲ ಅಂದ್ರೆ?” ಆಕೆ ಕನ್ನಡಕ ಸರಿಮಾಡಿಕೊಂಡಳು. “ಮನೆಗೆ ಬಂದು ನಕ್ಷೆ ನೋಡಿ ಮಾಡಿದೆ. ರಿಪೇರಿ ದಿನ ಚೀಲದಲ್ಲಿ ಒಯ್ದೆ.”

“ಕೆಂಪು ಟೋಪಿ ಯಾಕೆ?”

“ಆಸ್ಪತ್ರೆ ಕಾಗದದಲ್ಲಿದೆ, ಅದು ಅಮ್ಮ ಕೊಟ್ಟಿದ್ದು. ಅಕ್ಕನಿಗೆ ಇಪ್ಪತ್ತಮೂರು ಕೊಟ್ಟಳು. ನನಗೆ ಇಪ್ಪತ್ತನಾಲ್ಕು.”

“ಚಿಕ್ಕವಳು ಅಂತ ಯಾವಾಗಲೂ ಇವಳಿಗೇ ಒಂದು ಜಾಸ್ತಿ,” ಎಂದಳು ಟೈಲರಕ್ಕ. ಜಗಳದ ದನಿಯಲ್ಲೇ ಹೇಳಿದಳು, ಆದರೆ ಕಣ್ಣು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಯಾರದೋ ಹೊಸ ಅಂಗಿಯ ತೋಳು.

ಕಾವಲುಗಾರನ ಕೆಲಸ ಐದು ಗಂಟೆಗೆ ಹೋಗಲಿದೆ ಎಂದು ಇನ್ಸ್‌ಪೆಕ್ಟರ್ ತಿಳಿಸಿದಾಗ ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು. ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ. “ಅವರೇನೂ ಮಾಡಿಲ್ಲ. ನನ್ನನ್ನ ಹಿಡೀರಿ. ಬೇಗ ಹಿಡೀರಿ, ಮೂರೂವರೆ ಆಯ್ತು.”

3:40ಕ್ಕೆ ಬಂಧನದ ಮೆಮೊ ಬರೆಯಲಾಯಿತು. ಆರೋಪಿತೆ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ ಸಹಿ ಮಾಡಿದಳು. ಅಕ್ಕನ ಜಾಮೀನಿನ ಮೇಲೆ 3:55ಕ್ಕೆ ಬಿಡುಗಡೆ. ಹದಿನೈದು ನಿಮಿಷದ ಈ ಬಂಧನ ಠಾಣೆಯ ಇತಿಹಾಸದಲ್ಲೇ ಅತಿ ಚಿಕ್ಕದು ಎಂದು ರೈಟರ್ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

4:30ಕ್ಕೆ ಎಲ್ಲರೂ ಗಾಜಿನ ಕಪಾಟಿನ ಮುಂದೆ ನಿಂತಿದ್ದರು. ನಿರ್ದೇಶಕರು ಹೇಳಿಕೆಯನ್ನು ಒಂದು ಸಲ ಓದಿದರು, ಫಲಕ ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಮತ್ತೆ ಫಲಕ ನೋಡಿದರು. ಆಮೇಲೆ ಕೋಟಿನ ಜೇಬಿನಿಂದ ಟೈಪಾದ ಆದೇಶ ತೆಗೆದು ನಾಲ್ಕು ಚೂರು ಮಾಡಿ, ಕಸದ ಬುಟ್ಟಿ ಕಾಣದೆ ಕಾವಲುಗಾರನ ಕೈಗೇ ಕೊಟ್ಟರು. ಅವನು ಚೂರುಗಳನ್ನು ಭದ್ರವಾಗಿ ಜೇಬಿಗಿಳಿಸಿದ. ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ದೂರು ವಾಪಸ್ ತಗೋತೀನಿ,” ಎಂದರು ನಿರ್ದೇಶಕರು. “ಇದನ್ನ ಇಲ್ಲೇ ಇಡಬಹುದಾ?”

“ಅದು ಜಪ್ತಿ ಮಾಲು,” ಎಂದರು ಇನ್ಸ್‌ಪೆಕ್ಟರ್ ಗಂಭೀರವಾಗಿ. “ಪ್ರಕರಣ ಮುಗಿಯೋ ತನಕ ಸಿಕ್ಕ ಜಾಗದಲ್ಲೇ, ಸಿಕ್ಕ ಸ್ಥಿತಿಯಲ್ಲೇ ಕಾಪಾಡ್ತೀನಿ ಅಂತ ನೀವು ಮುಚ್ಚಳಿಕೆ ಬರೆದುಕೊಡಬೇಕು. ನಮ್ಮಲ್ಲಿ ಪ್ರಕರಣ ಮುಗಿಯೋದು ಬಹಳ ನಿಧಾನ.”

ಚಿಕ್ಕಮ್ಮ ಗುಂಡುಸೂಜಿ ಚುಚ್ಚಿ, ಮೂರನ್ನೂ ಸಮ ಮಾಡಿ ಹಿಂದೆ ಸರಿದು ನೋಡಿದಳು. ಆಕೆಯ ಮುಖ ಬೆಳಗಿತು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

“ನಿಮಗೆಷ್ಟು?”

“ನಲವತ್ತಾರು.”

“ಎಣಿಸಿದ್ದೀರಾ?”

ಇನ್ಸ್‌ಪೆಕ್ಟರ್ ಯೋಚಿಸಿದರು. “ಇಲ್ಲ.”

“ಮತ್ತೆ ಹೆಂಗೆ ಹೇಳ್ತೀರಿ?” ಎಂದಳು ಆಕೆ.

ಶುಕ್ರವಾರ ಹತ್ತಕ್ಕೆ ಉದ್ಘಾಟನೆ ಆಯಿತು. ಫಲಕ ಬದಲಾಗಿತ್ತು: ‘ಇದು ನೀವು. ಎಣಿಸಿ ನೋಡಿ, ನಲವತ್ತಾರು. ಕೆಲವರಿಗೆ ನಲವತ್ತೇಳು.’ ಕಾವಲುಗಾರ ಇಸ್ತ್ರಿಯ ಸಮವಸ್ತ್ರದಲ್ಲಿ ಕಪಾಟಿನ ಪಕ್ಕ ನಿಂತು, ಬಂದವರಿಗೆಲ್ಲ ಇಪ್ಪತ್ತೊಂದರ ಕಡೆ ಬೆರಳು ತೋರಿಸಿ, ಮುಂದಿನ ಸಾಲಿನಲ್ಲಿ ಕೂತ ಚಿಕ್ಕಮ್ಮನ ಕಡೆಗೂ ತೋರಿಸುತ್ತಿದ್ದ.

ಶನಿವಾರ ರೈಟರ್ ತನಿಖಾ ವರದಿ ಬರೆದ. ಅಪರಾಧಕ್ಕೆ ಪ್ರೇರಣೆ ಎಂಬ ಅಂಕಣದಲ್ಲಿ ಸಾಮಾನ್ಯವಾಗಿ ದುರಾಸೆ ಎಂದೋ ದ್ವೇಷ ಎಂದೋ ಬರೆಯುವುದು ರೂಢಿ. ಅವನು ಇನ್ಸ್‌ಪೆಕ್ಟರನ್ನು ಕೇಳಿದ. ಅವರು ಕನ್ನಡಕ ಹಾಕಿಕೊಂಡು, ಪೆನ್ನು ತೆಗೆದುಕೊಂಡು ತಾವೇ ಬರೆದರು: ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು, ಆರೋಪಿತೆ ಸರಿಪಡಿಸಿದ್ದಾರೆ.