ಹನ್ನೆರಡನೆಯ ಪೌಚು

ಸೊಸೆ ಪೆಟ್ಟಿಗೆಯನ್ನು ಮೇಜಿನಿಂದ ಒಂದು ಗೇಣು ಎತ್ತಿದ್ದಳೋ ಇಲ್ಲವೋ, ಅದರ ತಳ ಕಳಚಿತು. ಮೊದಲು ಮಾವ ಜೋತುಬಿದ್ದ. ಅವನ ಹಿಂದೆಯೇ ಅಕ್ಕ, ತಂಗಿ ಇಬ್ಬರೂ ಬಾಯಿಬಿಟ್ಟರು. ಕಟ್ಟಕಡೆಗೆ ಅಳಿಯನೂ ಕೈಬಿಟ್ಟ. ಆಮೇಲೆ ಕಸ್ಟರ್ಡ್ ತುಂಬಿದ ಪೌಚುಗಳು ಒಂದರ ಹಿಂದೊಂದು ದೊಪ್ಪ ದೊಪ್ಪನೆ ನೆಲಕ್ಕೆ ಬಿದ್ದವು.

ಗಾಬರಿಯಾಗಬೇಡಿ, ಬಿದ್ದವರು ಮನುಷ್ಯರಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ತಳದ ನಾಲ್ಕು ರೆಕ್ಕೆಗಳಿಗೆ ಇಟ್ಟ ಹೆಸರುಗಳು ಅವು. ನಡುವೆ ಸೀಳು ಇರುವ ಅಗಲದ ರೆಕ್ಕೆ ಮಾವ. ಎರಡು ಪಕ್ಕದವು ಅಕ್ಕ ಮತ್ತು ತಂಗಿ. ಎದುರಿನದು ಅಳಿಯ, ನಾಲಿಗೆ ಇರುವುದು ಅವನೊಬ್ಬನಿಗೇ. ಮಡಿಸುವಾಗ ಹೇಳಿಕೊಳ್ಳಲು ಒಂದು ಸಾಲೂ ಇತ್ತು: ‘ಮಾವ ಮಲಗಲಿ, ಅಕ್ಕತಂಗಿ ಅಪ್ಪಲಿ, ಅಳಿಯ ನುಗ್ಗಲಿ.’ ಅಳಿಯನ ನಾಲಿಗೆ ಮಾವನ ಸೀಳಿಗೆ ನುಗ್ಗಿತೆಂದರೆ ತಳ ಭದ್ರ. ಅಂಟೂ ಬೇಡ, ಪಿನ್ನೂ ಬೇಡ.

ಆ ಸಾಲು ಕಟ್ಟಿದವನು ಗೋಂದಪ್ಪ. ಇಪ್ಪತ್ತಾರು ವರ್ಷ ಅಂಟಿನ ಮೇಜಿನಲ್ಲಿ ಕೂತು ಕೂತು ಅವನ ನಿಜವಾದ ಹೆಸರು ಅವನಿಗೇ ಮರೆತಂತಾಗಿತ್ತು. ಕಾರ್ಖಾನೆಗೆ ಯಾರೇ ಹೊಸದಾಗಿ ಬಂದರೂ ಅವನ ಹತ್ತಿರವೇ ಮಡಿಸುವುದು ಕಲಿಯಬೇಕು. ಯಜಮಾನರ ಸೊಸೆ ಕಲಿತಿದ್ದೂ ಹಾಗೆಯೇ, ಯಜಮಾನರ ಅಳಿಯ ಕಲಿತಿದ್ದೂ ಹಾಗೆಯೇ. ಯಜಮಾನರಿಗೆ ಮಾತ್ರ ಆ ಸಾಲು ಕಂಡರಾಗದು. ಅವರೂ ಮಾವನೇ ಅಲ್ಲವೇ? “ಎಲ್ಲರೂ ಸೇರಿ ಮಾವನನ್ನೇ ಯಾಕಯ್ಯ ಮುಚ್ಚಿಹಾಕ್ತೀರಿ? ಹಿರಿಯರು ಮೇಲಿರ್ಬೇಕು,” ಎಂದು ತಿಂಗಳಿಗೊಮ್ಮೆಯಾದರೂ ಗೊಣಗುತ್ತಿದ್ದರು.

ಈಗ ಅವರು ವಿನ್ಯಾಸದ ಕೋಣೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿ ಅಳಿಯ. ಒಳಗೆ ಮೂಲೆಯಲ್ಲಿ ಗೋಂದಪ್ಪ. ನೆಲದ ಮೇಲೆ ಪೌಚುಗಳು. ಪುಣ್ಯಕ್ಕೆ ಒಂದೂ ಒಡೆದಿರಲಿಲ್ಲ.

“ಮೂರು ತಿಂಗಳಿಂದ ಗೀಚಿದ್ದು ಇದೇನಾ?” ಎಂದರು ಯಜಮಾನರು.

ಸೊಸೆ ಪೌಚುಗಳನ್ನು ಆರಿಸಿ ಮೇಜಿನ ಮೇಲಿಟ್ಟಳು. ಎಣಿಸಿದಳು. ಮತ್ತೆ ಎಣಿಸಿದಳು. “ಮಾವ, ಹನ್ನೊಂದೇ ಇದೆ. ನಿನ್ನೆ ಸಂಜೆ ಹನ್ನೆರಡು ಇಟ್ಟಿದ್ದೆ.”

“ಲೆಕ್ಕ ತಪ್ಪಿರತ್ತೆ,” ಎಂದ ಅಳಿಯ.

“ಅಲ್ಲವೇ ಮತ್ತೆ. ಬಾಳೆಹಣ್ಣಿನ ಕಸ್ಟರ್ಡ್ ಕದಿಯೋಕೆ ಯಾರು ಬರ್ತಾರಮ್ಮ ಇಲ್ಲಿಗೆ?” ಎಂದರು ಯಜಮಾನರು. “ನೋಡು, ಕಸ್ಟರ್ಡ್ ಕಂಪನಿಯ ಗಿರಾಕಿ ಮೂರು ಗಂಟೆಗೆ ಬರ್ತಾರೆ. ಪೆಟ್ಟಿಗೆ ಒಂದು ರಾತ್ರಿ ಭಾರ ತಡೀಬೇಕು ಅನ್ನೋದು ಅವರ ಷರತ್ತು, ತಡೀಲಿಲ್ಲ. ಅಳಿಯಂದಿರು ಹೊರಗಿಂದ ತರಿಸಿರೋ ಪೆಟ್ಟಿಗೇನೇ ತೋರಿಸೋಣ. ನಾಳೆಯಿಂದ ಈ ವಿನ್ಯಾಸದ ಮೇಜು ತೆಗೆಸಿಬಿಡ್ತೀನಿ. ನೀನು ಮೊದಲಿನ ಹಾಗೆ ಫೋನಿನ ಹತ್ತಿರ ಕೂತ್ಕೋ.”

ಅವರಿಬ್ಬರೂ ಹೊರಟುಹೋದರು. ಸೊಸೆ ಅಳಲಿಲ್ಲ. ಅಳೆಯುವ ಪಟ್ಟಿ, ಪೆನ್ಸಿಲ್ಲು, ಕತ್ತರಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. ಅವಳು ಅತ್ತಿದ್ದರೆ ಗೋಂದಪ್ಪನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಈ ಹುಡುಗಿ ಮೂರು ತಿಂಗಳು ಊಟದ ಹೊತ್ತಿನಲ್ಲೂ ರಟ್ಟು ಕೊರೆಯುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ.

“ಅಮ್ಮ, ಡಬ್ಬಿ ಮುಚ್ಚಬೇಡಿ. ಎರಡು ನಿಮಿಷ ಇರಿ, ದೊಡ್ಡತ್ತೆಯನ್ನ ಕರೀತೀನಿ,” ಎಂದವನೇ ಮೆಟ್ಟಿಲು ಹತ್ತಿದ.

ದೊಡ್ಡತ್ತೆ ಎಂದರೆ ಯಜಮಾನರ ಅಕ್ಕ. ಕಾರ್ಖಾನೆಯ ಮೇಲಿನ ಕೋಣೆಯೇ ಅವರ ಮನೆ, ಕಿಟಕಿಯೇ ಅವರ ಪ್ರಪಂಚ. ಕಳೆದುಹೋದ ಕತ್ತರಿಯಿಂದ ಹಿಡಿದು ಮುರಿದುಬಿದ್ದ ಮದುವೆ ಮಾತುಕತೆಯವರೆಗೆ ಆ ಕಟ್ಟಡದಲ್ಲಿ ಅವರು ಬಿಡಿಸದ ಗಂಟಿರಲಿಲ್ಲ. ಎಲ್ಲ ತನಿಖೆಗೂ ಗೋಂದಪ್ಪನೇ ಬಲಗೈ. ಬಲಗೈ ಹೇಳಿದ ಊಹೆ ಇದುವರೆಗೆ ಒಂದು ಸಲವೂ ಸರಿಯಾಗಿರಲಿಲ್ಲ ಎಂಬುದು ಬೇರೆ ಮಾತು.

ದೊಡ್ಡತ್ತೆ ಕನ್ನಡಕ ಏರಿಸಿಕೊಂಡು ಖಾಲಿ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೇಲ್ಭಾಗಕ್ಕೆ ಸೊಸೆ ಸಹಿ ಮಾಡಿ ಅಂಟಿಸಿದ್ದ ಚೀಟಿ ಹಾಗೇ ಇತ್ತು.

“ಪೌಚು ಹೇಗೆ ಜೋಡಿಸಿದ್ದೆ ಮಗಳೇ?”

“ಒಂದು ನೆಟ್ಟಗೆ, ಒಂದು ತಲೆಕೆಳಗು, ದೊಡ್ಡತ್ತೆ. ಪೌಚಿಗೆ ಬುಡದಲ್ಲಿ ಹೊಟ್ಟೆ ಬರತ್ತೆ, ತಲೆ ತೆಳ್ಳಗಿರತ್ತೆ. ಒಂದರ ಹೊಟ್ಟೆ ಪಕ್ಕ ಇನ್ನೊಂದರ ತಲೆ ಬಂದ್ರೆ ಹನ್ನೆರಡೂ ಒಂದೇ ಸಾಲಿನಲ್ಲಿ ಅಲುಗಾಡದೆ ನಿಲ್ಲತ್ತೆ.”

“ಗೋಂದಪ್ಪ, ನಿನ್ನ ಕಣ್ಣು ಚುರುಕು. ಒಳಗೋಡೆ ಮೇಲೆ ಪೌಚಿನ ಅಂಚು ಉಜ್ಜಿ ಗೀರಾಗಿದೆ ನೋಡು, ಎಣಿಸು.”

ಗೋಂದಪ್ಪ ಪೆಟ್ಟಿಗೆಯೊಳಗೆ ತಲೆ ತೂರಿಸಿ ಎಣಿಸಿದ. “ಹನ್ನೆರಡು.”

“ಅಲ್ಲಿಗೆ ಇವಳ ಲೆಕ್ಕ ತಪ್ಪಿಲ್ಲ. ಈಗ ಹೇಳು, ತಳ ಕಳಚಿದಾಗ ನೀನಿದ್ದೆಯಲ್ಲ, ಮೊದಲು ಬಿದ್ದಿದ್ದು ಯಾರು?”

“ಮಾವ. ಆಮೇಲೆ ಅಕ್ಕತಂಗಿ. ಕೊನೆಗೆ ಅಳಿಯ.”

ದೊಡ್ಡತ್ತೆ ಸುಮ್ಮನೆ ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿಕೊಂಡರೆಂದರೆ ಅರ್ಧ ಕೆಲಸ ಆಯಿತೆಂದೇ ಲೆಕ್ಕ. ಗೋಂದಪ್ಪನಿಗೆ ಏನೂ ಹೊಳೆಯಲಿಲ್ಲವಾದರೂ ಹೊಳೆದವನಂತೆ ತಲೆಯಾಡಿಸಿದ.

“ದೊಡ್ಡತ್ತೆ, ನನ್ನ ಅನುಮಾನ ಹೇಳ್ಲಾ? ಇದು ಅಳಿಯಂದಿರ ಕೆಲಸವೇ. ಹತ್ತು ಗಂಟೆಗೆ ಈ ಕೋಣೆಯಿಂದ ಕಳ್ಳಹೆಜ್ಜೆ ಇಟ್ಕೊಂಡು ಹೊರಗೆ ಬಂದ್ರು. ನನ್ನ ನೋಡಿ ಏನನ್ನೋ ಜೇಬಿಗೆ ತುರುಕಿದ್ರು.”

“ಸರಿ, ಕರಿ ಅವರನ್ನ.”

ಅಳಿಯ ಬಂದವನು ಮೊದಲು ಇಲ್ಲ ಎಂದ, ಆಮೇಲೆ ನೆನಪಿಲ್ಲ ಎಂದ. ದೊಡ್ಡತ್ತೆ ಸುಮ್ಮನೆ ಕೈ ಚಾಚಿದರು. ಜೇಬಿನಿಂದ ಬಂದದ್ದು ಪೌಚಲ್ಲ, ಅಳತೆಯ ಟೇಪು.

“ಇವಳ ಪೆಟ್ಟಿಗೆ ಅಳೀತಿದ್ದೆ,” ಎಂದ ಅವನು, ಕಿವಿಯವರೆಗೂ ಕೆಂಪಾಗಿ. “ನಾನು ತರಿಸಿದ ಪೆಟ್ಟಿಗೆಯಲ್ಲಿ ಪೌಚು ಕೂರ್ತಾ ಇಲ್ಲ. ಖಾಲಿ ಪೌಚನ್ನ ಮೇಜಿನ ಮೇಲೆ ಚಪ್ಪಟೆ ಹಾಸಿ ಅಳತೆ ಕೊಟ್ಟುಬಿಟ್ಟಿದ್ದೆ. ತುಂಬಿದ ಮೇಲೆ ಅದು ಗಿಡ್ಡ ಆಗತ್ತೆ, ದಪ್ಪ ಆಗತ್ತೆ ಅಂತ ಯಾರಿಗೆ ಗೊತ್ತಿತ್ತು? ಈಗ ಎಂಟು ಹಾಕೋಷ್ಟರಲ್ಲಿ ಗೋಡೆ ಉಬ್ಬತ್ತೆ, ಮೇಲೆ ನೋಡಿದ್ರೆ ಮೂರು ಬೆರಳು ಜಾಗ ಖಾಲಿ.”

ಇಷ್ಟು ದೊಡ್ಡ ಬೇಸ್ತು ಬಿದ್ದದ್ದನ್ನು ಮುಚ್ಚಿಟ್ಟುಕೊಂಡು ಬೆಳಗಿನಿಂದ ಅವನು ಮೆರೆಯುತ್ತಿದ್ದ. ಸೊಸೆಗೆ ಇಂಥ ಹೊತ್ತಿನಲ್ಲೂ ನಗು ಬಂತು. ಮುಖ ಆ ಕಡೆ ತಿರುಗಿಸಿಕೊಂಡಳು.

“ಮಾವನಿಗೆ ಹೇಳಿದ್ದೀರಾ?” ಎಂದರು ದೊಡ್ಡತ್ತೆ.

“ಇಲ್ಲ.”

“ಎರಡು ಗಂಟೆಗೆ ಎಲ್ಲರೂ ಇಲ್ಲೇ ಸೇರೋಣ. ಆಗ ಹೇಳಿ.”

ಎರಡು ಗಂಟೆಗೆ ಎಲ್ಲರೂ ಸೇರಿದರು. ಯಜಮಾನರು ಸಕ್ಕರೆಯಿಲ್ಲದ ಚಹಾದ ಲೋಟ ಹಿಡಿದುಕೊಂಡೇ ಬಂದರು. ವೈದ್ಯರು ಸಿಹಿ ಬಿಡಿಸಿ ಎಂಟು ತಿಂಗಳಾಗಿತ್ತು. ಮನೆಯಲ್ಲಿ ಹೆಂಡತಿ ಸಕ್ಕರೆ ಡಬ್ಬಿಗೇ ಬೀಗ ಹಾಕಿದ್ದಳು. ಒಂದೊಂದು ಗುಟುಕಿಗೂ ಕಷಾಯ ಕುಡಿದವರ ಮುಖ ಮಾಡುತ್ತಿದ್ದರು.

“ಬೇಗ ಮುಗಿಸಕ್ಕ, ಗಿರಾಕಿ ಬರೋ ಹೊತ್ತಾಯ್ತು,” ಎಂದರು.

“ಮುಗೀತು ಅಂತಲೇ ತಿಳ್ಕೋ. ಈ ಪೆಟ್ಟಿಗೆ ತಾನಾಗಿ ಕಳಚಲಿಲ್ಲ. ಮೇಲಿನ ಚೀಟಿ ಹರಿದಿಲ್ಲ, ಅಂದ್ರೆ ಯಾರೋ ಪೆಟ್ಟಿಗೇನ ಬೋರಲು ಹಾಕಿ, ತಳ ಬಿಚ್ಚಿ, ಒಂದು ಪೌಚು ತೆಗೆದು, ಮತ್ತೆ ಮಡಿಸಿ ನಿಲ್ಲಿಸಿದ್ದಾರೆ. ಮೇಜಿನ ಮೇಲಿರೋವರೆಗೂ ಮೇಜೇ ಅದಕ್ಕೆ ತಳ. ಎತ್ತಿದ ಕೂಡಲೇ ಬಣ್ಣ ಬಯಲಾಯ್ತು.”

“ಅದು ನಿನ್ನ ಊಹೆ.”

“ಊಹೆಯಲ್ಲ, ಮೊದಲು ಬಿದ್ದಿದ್ದು ಮಾವ.”

“ನಾನೆಲ್ಲಿ ಬಿದ್ದೆ?” ಎಂದು ಯಜಮಾನರು ಹೌಹಾರಿದರು.

“ನೀನಲ್ಲಪ್ಪ, ರೆಕ್ಕೆ. ಸರಿಯಾಗಿ ಮಡಿಸಿದ್ರೆ ಮಾವ ಎಲ್ಲರಿಗಿಂತ ಒಳಗೆ ಇರ್ತಾನೆ. ಅವನನ್ನ ಅಕ್ಕತಂಗಿ ತಬ್ಬಿಕೊಂಡಿರ್ತಾರೆ, ಅವರನ್ನ ಹೊರಗಿಂದ ಅಳಿಯ ಹಿಡಿದಿರ್ತಾನೆ. ಅವರೆಲ್ಲ ಬಿಡದೆ ಮಾವ ಹೇಗೆ ಮೊದಲು ಬೀಳ್ತಾನೆ? ಇಲ್ಲಿ ಯಾರೋ ಅಳಿಯನನ್ನ ಒಳಗೆ ಹಾಕಿ ಮಾವನನ್ನ ಎಲ್ಲರ ಮೇಲೆ ಕೂರಿಸಿದ್ದಾರೆ. ಈಗ ಒಬ್ಬೊಬ್ಬರೇ ಇದನ್ನ ಮಡಿಸಿ ತೋರಿಸಿ.”

ದೊಡ್ಡತ್ತೆ ಪೆಟ್ಟಿಗೆಯನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟರು. ಗೋಂದಪ್ಪ ಕಣ್ಣು ಮುಚ್ಚಿಕೊಂಡೇ ಮಡಿಸಿದ. ಸೊಸೆ ಮಡಿಸಿದಳು. ಅಳಿಯನ ಕೈಗೆ ಕೊಟ್ಟಾಗ ಗೋಂದಪ್ಪ ಉಸಿರು ಬಿಗಿಹಿಡಿದ. ಅಳಿಯನೋ ಶಾಲೆಯ ಹುಡುಗನ ಹಾಗೆ ‘ಮಾವ ಮಲಗಲಿ, ಅಕ್ಕತಂಗಿ ಅಪ್ಪಲಿ’ ಎಂದು ತುಟಿಯಲ್ಲೇ ಪಿಟಪಿಟಿಸುತ್ತ ಒಪ್ಪವಾಗಿ ಮಡಿಸಿ ಮುಗಿಸಿದ. ಗೋಂದಪ್ಪನ ಅನುಮಾನ ಎಂದಿನಂತೆ ನೀರಲ್ಲಿ ಹೋಮವಾಯಿತು. ಆದರೂ ಶಿಷ್ಯನ ಕೈಚಳಕ ನೋಡಿ ಒಳಗೊಳಗೇ ಹೆಮ್ಮೆಯಾಯಿತು.

“ಈಗ ನೀನು, ತಮ್ಮ.”

“ನಾನಾ? ನಾನು ಮಡಿಸಿದಷ್ಟು ಪೆಟ್ಟಿಗೆ ಇವರೆಲ್ಲ ನೋಡೂ ಇಲ್ಲ,” ಎಂದು ಯಜಮಾನರು ತೋಳು ಏರಿಸಿದರು. ಮೊದಲು ನಾಲಿಗೆಯ ರೆಕ್ಕೆಯನ್ನು ಒಳಗೆ ತಳ್ಳಿದರು. ಪಕ್ಕದ ಎರಡನ್ನೂ ಮುಚ್ಚಿದರು. ಎಲ್ಲದರ ಮೇಲೆ ಅಗಲದ ರೆಕ್ಕೆಯನ್ನು ಒತ್ತಿ ಕೂರಿಸಿ, ಅಂಗೈಯಿಂದ ಎರಡು ಸಲ ತಟ್ಟಿದರು. “ನೋಡಿ. ಹಿರಿಯರು ಮೇಲೆ. ಎಷ್ಟು ಲಕ್ಷಣವಾಗಿದೆ.”

ದೊಡ್ಡತ್ತೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮೇಲ್ಭಾಗ ತೆರೆದು, ಹನ್ನೊಂದು ಪೌಚುಗಳನ್ನು ಒಂದೊಂದಾಗಿ ಒಳಗಿಟ್ಟರು. ಎತ್ತಿದರು. ಮೊದಲು ಮಾವ ಜೋತುಬಿದ್ದ. ಆಮೇಲೆ ಅಕ್ಕತಂಗಿ. ಕೊನೆಗೆ ಅಳಿಯ. ಹನ್ನೊಂದು ಪೌಚುಗಳೂ ದೊಪ್ಪ ದೊಪ್ಪನೆ ಮೇಜಿಗೆ ಬಿದ್ದವು.

“ನನಗೆ ಅಪ್ಪ ಮಡಿಸೋದು ಕಲಿಸಿದ್ರು,” ಎಂದರು ದೊಡ್ಡತ್ತೆ. “ನಿನಗೆ ಕುರ್ಚಿ ಕೊಟ್ರು. ಈ ಜನ್ಮದಲ್ಲಿ ನೀನು ಮಡಿಸಿರೋದು ಎರಡೇ ಪೆಟ್ಟಿಗೆ. ಒಂದು ಈಗ, ಒಂದು ಇವತ್ತು ಬೆಳಿಗ್ಗೆ.”

“ಇದನ್ನಿಟ್ಕೊಂಡು ನನ್ನ ಕಳ್ಳ ಅಂತೀಯಾ?”

“ಇದೊಂದೇ ಆಗಿದ್ರೆ ಅಂತಿರಲಿಲ್ಲ. ಗೋಂದಪ್ಪ, ಬೆಳಿಗ್ಗೆ ಇವನು ಆಡಿದ ಮಾತು ನನಗೆ ಹೇಳಿದೆಯಲ್ಲ, ಇನ್ನೊಂದು ಸಲ ಹೇಳು.”

ಗೋಂದಪ್ಪ ಗಂಟಲು ಸರಿಮಾಡಿಕೊಂಡ. “‘ಬಾಳೆಹಣ್ಣಿನ ಕಸ್ಟರ್ಡ್ ಕದಿಯೋಕೆ ಯಾರು ಬರ್ತಾರಮ್ಮ’ ಅಂದ್ರು.” ಹೇಳುತ್ತ ಹೇಳುತ್ತಲೇ ಅವನ ಬಾಯಿ ಹಾಗೇ ತೆರೆದುಕೊಂಡಿತು. ಬರೀ ಬೆಳ್ಳಿಬಣ್ಣದ ಪೌಚು. ಮೇಲೆ ಅಚ್ಚಿಲ್ಲ, ಹೆಸರಿಲ್ಲ.

“ಮಗಳೇ, ಇದರೊಳಗೆ ಯಾವ ಕಸ್ಟರ್ಡ್ ಇದೆ?”

“ನನಗೂ ಗೊತ್ತಿಲ್ಲ ದೊಡ್ಡತ್ತೆ. ನಿನ್ನೆ ಸಂಜೆ ಬಂತು. ಮೂರ್ನಾಲ್ಕು ರುಚಿ ಮಾಡ್ತಾರಂತೆ, ಯಾವುದು ಅಂತ ಹೇಳಿರಲಿಲ್ಲ.”

ದೊಡ್ಡತ್ತೆ ಒಂದು ಪೌಚಿನ ಮೂಲೆ ಕತ್ತರಿಸಿದರು. ಬಾಳೆಹಣ್ಣಿನ ಘಮ ಕೋಣೆಯೆಲ್ಲ ತುಂಬಿತು. ಯಜಮಾನರ ಗಂಟಲು ಅವರನ್ನೂ ಕೇಳದೆ ಒಂದು ಸಲ ಗುಟುಕರಿಸಿತು.

“ಎಂಟು ತಿಂಗಳಾಯ್ತಕ್ಕ,” ಎಂದರು ಅವರು, ಕುರ್ಚಿಗೆ ಕುಸಿಯುತ್ತ. “ಒಂದು ಚಮಚ ಅಂತ ಹೋದೆ. ಪೌಚಿಗೆ ಚಮಚ ಎಲ್ಲಿಂದ ಬರ್ಬೇಕು? ಪೂರ್ತಿ ಹೀರಿಬಿಟ್ಟೆ. ಆದ್ರೆ ದೇವರಾಣೆ, ತಳ ಸರಿಯಾಗೇ ಮುಚ್ಚಿದ್ದೆ ಅಂದ್ಕೊಂಡಿದ್ದೆ. ಇವಳ ಪೆಟ್ಟಿಗೇನೇ ಸರಿಯಿಲ್ಲ ಅಂತ ನಿಜವಾಗ್ಲೂ ನಂಬಿದ್ದೆ.”

“ಪೌಚು ಒಂದು ಕಮ್ಮಿ ಯಾಕೆ ಅನ್ನೋದು ನಿನಗೆ ಗೊತ್ತಿತ್ತಲ್ಲ. ಅದನ್ನ ಹೇಳಲಿಲ್ಲ. ಮೂರು ತಿಂಗಳ ದುಡಿಮೇನ ನಿನ್ನ ಬಾಯಿಚಪಲಕ್ಕೆ ಬಲಿ ಕೊಡ್ತಿದ್ದೆ,” ಎಂದರು ದೊಡ್ಡತ್ತೆ. ಅವರ ದನಿ ಏರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. ಆಮೇಲೆ ಅಳಿಯನ ಕಡೆ ನೋಡಿದರು. ಅಳಿಯ ತನ್ನ ಚಪ್ಪಟೆ ಅಳತೆಯ ಕತೆಯನ್ನೂ ಒಪ್ಪಿಸಿಬಿಟ್ಟ.

ಯಜಮಾನರು ಎದ್ದು ಸೊಸೆಯ ಮುಂದೆ ನಿಂತರು. ಅಳತೆಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅದರೊಳಗಿನ ಪಟ್ಟಿ, ಪೆನ್ಸಿಲ್ಲು, ಕತ್ತರಿ ಎಲ್ಲವನ್ನೂ ತಮ್ಮ ಕೈಯಾರೆ ಮತ್ತೆ ಮೇಜಿನ ಮೇಲೆ ಜೋಡಿಸಿದರು. “ತಪ್ಪಾಯ್ತಮ್ಮ. ಈ ಮೇಜು ಎಲ್ಲಿಗೂ ಹೋಗಲ್ಲ,” ಎಂದರು.

ಬೆಳಗಿನಿಂದ ತಡೆದಿದ್ದ ಸೊಸೆ ಈಗ ಅತ್ತಳು. ಗೋಂದಪ್ಪನೂ ಅತ್ತ, ಕೇಳಿದವರಿಗೆ ಅಂಟಿನ ಘಾಟು ಎಂದ.

“ಒಂದು ಮಾತು ಮಾತ್ರ ಕೇಳ್ತೀನಿ,” ಎಂದರು ಯಜಮಾನರು, ಇನ್ನೂ ಮನಸ್ಸು ಒಪ್ಪದೆ. “ಎಲ್ಲರಿಗಿಂತ ಕೆಳಗೆ ಮಾವನೇ ಯಾಕೆ ಹೋಗ್ಬೇಕು?”

“ಕೆಳಗಲ್ಲ ಮಾವ, ಒಳಗೆ,” ಎಂದಳು ಸೊಸೆ, ಕಣ್ಣೊರೆಸಿಕೊಂಡು. “ಪೆಟ್ಟಿಗೆ ಬೋರಲು ಇರೋದ್ರಿಂದ ಹಾಗೆ ಕಾಣತ್ತೆ. ತಿರುಗಿಸಿ ನಿಲ್ಲಿಸಿದ್ರೆ ಮಾವನೇ ಎಲ್ಲರ ಮೇಲೆ. ಹನ್ನೆರಡು ಪೌಚಿನ ಭಾರಾನೂ ಮೊದಲು ಹೊರೋದು ಅವನೇ. ಉಳಿದೋರು ಅವನು ಬೀಳದ ಹಾಗೆ ಕೆಳಗಿಂದ ಹಿಡ್ಕೊಂಡಿರ್ತಾರೆ.”

ಯಜಮಾನರು ಪೆಟ್ಟಿಗೆಯನ್ನು ತಿರುಗಿಸಿ ಒಳಗೆ ಇಣುಕಿದರು. ತುಂಬ ಹೊತ್ತು ಇಣುಕಿದರು.

ಮೂರು ಗಂಟೆಗೆ ಗಿರಾಕಿ ಬಂದಾಗ ಪೆಟ್ಟಿಗೆ ಮಡಿಸಿ ತೋರಿಸಿದವರು ಸ್ವತಃ ಯಜಮಾನರು. ಹಿಂದೆ ನಿಂತು ಮೆಲ್ಲಗೆ ಹೇಳಿಕೊಟ್ಟವಳು ಸೊಸೆ. ಗಿರಾಕಿ ಪೌಚು ತುಂಬಿಸಿ ಎತ್ತಿದರು, ಕುಲುಕಿದರು, ಮೊಣಕಾಲೆತ್ತರದಿಂದ ಬೀಳಿಸಿಯೂ ನೋಡಿದರು. ಮಾವ ಜಗ್ಗಲಿಲ್ಲ. “ಒಂದು ರಾತ್ರಿಯ ಮಾತು?” ಎಂದದ್ದಕ್ಕೆ ಸೊಸೆಯೇ, “ನಾಳೆ ಬೆಳಿಗ್ಗೆ ನೀವೇ ಬಂದು ಎತ್ತಿ,” ಎಂದಳು.

“ಆಗಲಿ. ಆದ್ರೆ ಹನ್ನೆರಡು ಕಳಿಸಿದ್ದೆನಲ್ಲ? ಇಲ್ಲಿ ಹತ್ತೇ ಇದೆ.”

“ಒಂದು ನಮ್ಮಕ್ಕ ಕತ್ತರಿಸಿದ್ದು,” ಎಂದರು ಯಜಮಾನರು. “ಇನ್ನೊಂದನ್ನ ನಾನು ರುಚಿ ನೋಡಿದೆ. ನಮ್ಮ ಮನೆಯೋರು ಫೋನ್ ಮಾಡಿದ್ರೆ ದಯವಿಟ್ಟು ಹನ್ನೊಂದೇ ಕಳಿಸಿದ್ದು ಅನ್ನಿ.”

ಮರುದಿನ ಬೆಳಿಗ್ಗೆ ಗಿರಾಕಿ ಪೆಟ್ಟಿಗೆ ಎತ್ತಿದಾಗ ತಳ ಕದಲಿರಲಿಲ್ಲ. ಆ ವಾರವೇ ಯಜಮಾನರು ಬಣ್ಣ ತರಿಸಿ ಗೋಂದಪ್ಪನ ಸಾಲನ್ನು ವಿನ್ಯಾಸದ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದರು. ಬರೆಸುವಾಗ ಮೊದಲಿಗೆ ತಮ್ಮದೂ ಎರಡು ಮಾತು ಸೇರಿಸಿದರು. ಈಗ ಹೊಸದಾಗಿ ಸೇರಿದವರಿಗೆ ಗೋಂದಪ್ಪ ಅದನ್ನೇ ಕಲಿಸುತ್ತಾನೆ: ‘ಸೊಸೆ ಹೇಳಲಿ, ಮಾವ ಮಲಗಲಿ, ಅಕ್ಕತಂಗಿ ಅಪ್ಪಲಿ, ಅಳಿಯ ನುಗ್ಗಲಿ.’